ವಲಸೆ ಕಾನೂನು ಮತ್ತು ಎಡಪಂಥ: ಈ ಇತಿಹಾಸವನ್ನು ಅಭ್ಯಾಸ ಮಾಡುವ ಕ್ರಮ

ಬ್ರಿಟನ್, ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಬಣ್ಣ, ಜನಾಂಗ, ಮೂಲದೇಶಗಳನ್ನು ನೋಡಿ ಜನರನ್ನು ಒಳಗೆ ಬಿಡುವ ಅಥವಾ ಹೊರಗಿಡುವ ಕಾನೂನುಗಳು ರೂಪುಗೊಂಡ ಕಾಲವೂ, ಸಮಾಜವಾದಿ, ಅರಾಜಕತಾವಾದಿ, ಕಮ್ಯುನಿಸ್ಟ್ ಸಂಘಟನೆಗಳು ಬೆಳೆದ ಕಾಲವೂ ಹೆಚ್ಚುಕಡಿಮೆ ಒಂದೇ. ಆದರೂ ಇವೆರಡನ್ನು ಬೇರೆ ಬೇರೆಯಾಗಿ ಓದುವ ರೂಢಿ ಬೆಳೆದಿದೆ. ಎಡಪಂಥದ ಚರಿತ್ರೆ ಬರೆಯುವವರು ಮುಷ್ಕರ, ಚುನಾವಣೆ, ಸಿದ್ಧಾಂತದ ಒಡಕುಗಳ ಕಡೆಗೆ ಹೋಗುತ್ತಾರೆ; ವಲಸೆಯ ಚರಿತ್ರೆ ಬರೆಯುವವರು ಹಡಗು, ಕಾಯಿದೆ, ಅಂಕಿಅಂಶಗಳ ಕಡೆಗೆ ಹೋಗುತ್ತಾರೆ. ಎರಡನ್ನೂ ಜೊತೆಗಿಟ್ಟುಕೊಂಡು ಲೇಖನವನ್ನೋ ಪ್ರಬಂಧವನ್ನೋ ಬರೆಯಬೇಕೆಂದಿರುವವರು ಎಲ್ಲಿಂದ ಆರಂಭಿಸಬೇಕು, ಯಾವ ದಾಖಲೆಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಈ ಇತಿಹಾಸದಲ್ಲಿ ಎಡಪಂಥ ಗಡಿಯ ಬಾಗಿಲಿನ ಎರಡೂ ಕಡೆ ನಿಂತಿದೆ. ಹೊರಗಟ್ಟಿಸಿಕೊಂಡವರಲ್ಲಿ ಎಡಪಂಥೀಯರಿದ್ದಾರೆ, ಬಾಗಿಲು ಮುಚ್ಚಿರೆಂದು ಕೂಗಿದವರಲ್ಲಿಯೂ ಇದ್ದಾರೆ, ಅದನ್ನು ತೆರೆಸಲು ದಶಕಗಟ್ಟಲೆ ಹೋರಾಡಿದವರಲ್ಲಿ ಬಹುಪಾಲು ಅವರೇ ಇದ್ದಾರೆ. ಇವುಗಳಲ್ಲಿ ಒಂದನ್ನೇ ಹಿಡಿದು ಹೊರಟರೆ ಬರಹ ಹೊಗಳಿಕೆಯೋ ದೋಷಾರೋಪಣೆಯೋ ಆಗಿಬಿಡುತ್ತದೆ.

ಪ್ರಶ್ನೆಯನ್ನು ಕಿರಿದುಗೊಳಿಸುವುದು

“ಎಡಪಂಥ ಮತ್ತು ವಲಸೆ” ಎಂಬಷ್ಟು ವಿಶಾಲವಾದ ವಿಷಯವನ್ನು ಇಟ್ಟುಕೊಂಡು ಯಾರೂ ದೂರ ಹೋಗಲಾರರು. ಒಂದು ಕಾಯಿದೆ, ಒಂದು ಬಂದರು ಅಥವಾ ಒಂದು ಸಂಘಟನೆ, ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ಅದಕ್ಕೆ ಹತ್ತು ವರ್ಷಗಳ ಮಿತಿಯನ್ನು ಹಾಕಿಕೊಳ್ಳುವುದು ಲೇಸು. 1905ರ ಬ್ರಿಟನ್ನಿನ ವಿದೇಶೀಯರ ಕಾಯಿದೆ ಮತ್ತು ಲಂಡನ್ನಿನ ಯಹೂದಿ ಕಾರ್ಮಿಕ ಸಂಘಗಳು ಎಂಬುದು ಒಳ್ಳೆಯ ವಿಷಯ. 1962ರ ಬ್ರಿಟನ್ನಿನ ಕಾಮನ್‌ವೆಲ್ತ್ ವಲಸಿಗರ ಕಾಯಿದೆ ಮತ್ತು ಅಲ್ಲಿ ನೆಲೆಸಿದ ಭಾರತೀಯರು ಕಟ್ಟಿದ ಭಾರತೀಯ ಕಾರ್ಮಿಕರ ಸಂಘ ಎಂಬುದೂ ಒಳ್ಳೆಯದೇ. ಮಿತಿ ಹಾಕಿಕೊಂಡ ಮೇಲೆ ಅದರ ಹಿಂದಿನ ಮೂವತ್ತು ವರ್ಷಗಳನ್ನು ಮೇಲಿಂದ ಮೇಲೆ ಓದಿಕೊಳ್ಳಬೇಕು. ಏಕೆಂದರೆ ವಲಸೆ ಕಾನೂನುಗಳು ಬಹುಪಾಲು ಹಳೆಯ ಕಾನೂನುಗಳ ತಿದ್ದುಪಡಿಗಳೇ ಆಗಿದ್ದು, ಯುದ್ಧಕಾಲದಲ್ಲಿ ತಾತ್ಕಾಲಿಕವೆಂದು ತಂದದ್ದು ಶಾಂತಿಕಾಲದಲ್ಲಿ ಕಾಯಂ ಆಗಿ ಉಳಿದಿರುವ ಸಂದರ್ಭಗಳು ಹಲವು. 1914ರ ಆಗಸ್ಟ್‌ನಲ್ಲಿ ಬ್ರಿಟನ್ ಮಹಾಯುದ್ಧಕ್ಕಿಳಿದ ಮರುದಿನವೇ ಅಲ್ಲಿ ಅಂಗೀಕಾರಗೊಂಡ ವಿದೇಶೀಯರ ನಿರ್ಬಂಧ ಕಾಯಿದೆ 1919ರಲ್ಲಿ ವಿಸ್ತರಣೆಗೊಂಡದ್ದು ಇಂಥ ಒಂದು ನಿದರ್ಶನ.

ಕಾಯಿದೆಯ ಪಠ್ಯವನ್ನು ಓದುವುದು

ಮೊದಲು ಓದಬೇಕಾದದ್ದು ಭಾಷಣವಲ್ಲ, ಪಕ್ಷದ ಪತ್ರಿಕೆಯೂ ಅಲ್ಲ, ಕಾಯಿದೆಯ ಮೂಲ ಪಠ್ಯ. ಅದನ್ನು ಓದುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದರಿಂದ ಯಾರಿಗೆ ವಿನಾಯಿತಿ ದೊರೆಯುತ್ತದೆ, ಮತ್ತು ತೀರ್ಮಾನಿಸುವ ಅಧಿಕಾರವನ್ನು ಯಾರ ಕೈಗೆ ಕೊಡಲಾಗಿದೆ? ಜನಾಂಗದ ಹೆಸರನ್ನು ನೇರವಾಗಿ ಬರೆದ ಕಾನೂನುಗಳಿವೆ. 1882ರ ಅಮೆರಿಕದ ಚೀನೀಯರ ಬಹಿಷ್ಕಾರ ಕಾಯಿದೆ ಆ ಬಗೆಯದು. ಆದರೆ ಹೆಚ್ಚಿನವು ಹಾಗಿಲ್ಲ. 1905ರ ಬ್ರಿಟಿಷ್ ಕಾಯಿದೆಯನ್ನು ಮೊದಲಿಂದ ಕೊನೆಯವರೆಗೆ ಓದಿದರೂ ಅದರಲ್ಲಿ ಯಹೂದಿಗಳ ಹೆಸರಿಲ್ಲ. ಇರುವುದು “ಅನಪೇಕ್ಷಿತ ವಲಸಿಗ” ಎಂಬ ವರ್ಗ, ಹಡಗಿನ ಕೆಳದರ್ಜೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ವಿದೇಶೀಯರಿದ್ದರೆ ಮಾತ್ರ ತಪಾಸಣೆ ಎಂಬ ನಿಯಮ, ಮತ್ತು ತಪಾಸಣೆ ನಡೆಸುವ ವಲಸೆ ಅಧಿಕಾರಿ. ಮೇಲ್ದರ್ಜೆಯ ಟಿಕೆಟ್ ಕೊಂಡವನಿಗೆ ಈ ಕಾಟವಿಲ್ಲ. ರಷ್ಯಾದ ಹಿಂಸಾಚಾರದಿಂದ ತಪ್ಪಿಸಿಕೊಂಡು ಬಂದ ಬಡ ಯಹೂದಿ ದರ್ಜಿಗೆ ಅದು ತಪ್ಪಿದ್ದಲ್ಲ. ರಾಜಕೀಯ ಅಥವಾ ಧಾರ್ಮಿಕ ಕಾರಣಕ್ಕೆ ಶಿಕ್ಷೆಗೆ ಗುರಿಯಾಗಲಿರುವವರಿಗೆ ಆ ಕಾಯಿದೆಯಲ್ಲಿ ಒಂದು ವಿನಾಯಿತಿ ಇತ್ತೆಂಬುದನ್ನೂ, ಮುಂದಿನ ಕಾನೂನುಗಳಲ್ಲಿ ಅದು ಕಾಣೆಯಾಯಿತೆಂಬುದನ್ನೂ ಗುರುತು ಹಾಕಿಕೊಳ್ಳಬೇಕು.

ಅಧಿಕಾರಿಯ ವಿವೇಚನೆ ಎಂಬುದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ 1901ರ ವಲಸೆ ನಿರ್ಬಂಧ ಕಾಯಿದೆಯೇ ಸಾಕ್ಷಿ. ಆ ಕಾಯಿದೆಯ ಪ್ರಕಾರ ಬಂದಿಳಿದವನು ಅಧಿಕಾರಿ ಹೇಳಿದ ಐವತ್ತು ಪದಗಳ ಯುರೋಪಿಯನ್ ಭಾಷೆಯ ಉಕ್ತಲೇಖನವನ್ನು ಬರೆಯಬೇಕಿತ್ತು. ಭಾಷೆ ಯಾವುದೆಂದು ನಿರ್ಧರಿಸುವವನು ಅಧಿಕಾರಿ. ಅಂದರೆ ಯಾರನ್ನು ಬೇಕಾದರೂ ಅನುತ್ತೀರ್ಣಗೊಳಿಸಬಹುದಿತ್ತು. ದಕ್ಷಿಣ ಆಫ್ರಿಕಾದ ನಟಾಲ್ ವಸಾಹತು 1897ರಲ್ಲಿ ಭಾರತೀಯರನ್ನು ತಡೆಯಲು ರೂಪಿಸಿದ್ದ ವಿಧಾನವೇ ಇದಕ್ಕೆ ಮಾದರಿ. ಜನಾಂಗದ ಹೆಸರೆತ್ತದೆ ಕೆಲಸ ಸಾಧಿಸುವ ಈ ದಾರಿ ಲಂಡನ್ನಿನ ವಸಾಹತು ಕಚೇರಿಗೂ ಹಿಡಿಸಿತ್ತು. ಬಿಳಿಯರಲ್ಲದವರಿಗಾಗಿ ಮಾಡಿದ ಈ ಉಪಾಯವನ್ನು 1934ರಲ್ಲಿ ಒಬ್ಬ ಬಿಳಿಯ ಕಮ್ಯುನಿಸ್ಟನ ಮೇಲೆ ಪ್ರಯೋಗಿಸಲಾಯಿತು. ಯುದ್ಧವಿರೋಧಿ ಸಮ್ಮೇಳನಕ್ಕೆಂದು ಬಂದ ಪ್ರಾಗ್ ನಗರದ ಲೇಖಕ ಎಗೋನ್ ಕಿಶ್ ಅವರನ್ನು ಇಳಿಯಗೊಡದಿದ್ದಾಗ ಅವರು ಮೆಲ್ಬರ್ನ್‌ನಲ್ಲಿ ಹಡಗಿನಿಂದ ಜಿಗಿದು ಕಾಲು ಮುರಿದುಕೊಂಡರು. ಹಲವು ಭಾಷೆಗಳನ್ನು ಬಲ್ಲ ಅವರಿಗೆ ಸಿಡ್ನಿಯಲ್ಲಿ ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಡಲಾಯಿತು. ಆ ಕಾಯಿದೆಯ ಅರ್ಥದಲ್ಲಿ ಗೇಲಿಕ್ ಯುರೋಪಿಯನ್ ಭಾಷೆಯಲ್ಲವೆಂದು ಹೈಕೋರ್ಟ್ ತೀರ್ಪಿತ್ತದ್ದರಿಂದ ಕಿಶ್ ಪಾರಾದರು, ಸರ್ಕಾರ ನಗೆಪಾಟಲಿಗೀಡಾಯಿತು. ಅಭ್ಯಾಸಿಗೆ ಇದರಲ್ಲಿರುವ ಪಾಠ ನಗೆಗಿಂತ ಗಂಭೀರವಾದುದು: ಜನಾಂಗದ ಸೋಸುವಿಕೆಗೆ ಕಟ್ಟಿದ ಯಂತ್ರ ರಾಜಕೀಯ ಸೋಸುವಿಕೆಗೂ ಸಿದ್ಧವಾಗಿಯೇ ಇರುತ್ತದೆ. ಕಿಶ್ ಗೆದ್ದ ವರ್ಷಗಳಲ್ಲಿಯೂ ಏಷ್ಯನ್ನರನ್ನು ಅದೇ ಪರೀಕ್ಷೆ ತಡೆಯುತ್ತಲೇ ಇತ್ತು. ಅದು ರದ್ದಾದದ್ದು 1958ರ ಕಾಯಿದೆಯಿಂದ.

ರಾಜಕೀಯವೂ ಜನಾಂಗವೂ ಒಂದೇ ಕಡತದಲ್ಲಿ

ಈ ಎರಡು ಸೋಸುವಿಕೆಗಳು ಕೂಡುವ ಜಾಗವನ್ನು ಹುಡುಕುವುದೇ ಈ ಅಭ್ಯಾಸದ ತಿರುಳು. 1901ರಲ್ಲಿ ಅಧ್ಯಕ್ಷ ಮೆಕಿನ್ಲೆ ಅವರನ್ನು ಕೊಂದವನು ಅಮೆರಿಕದಲ್ಲಿಯೇ ಹುಟ್ಟಿದವನು. ಹಾಗಿದ್ದರೂ ಅವನು ಅರಾಜಕತಾವಾದಿಯೆಂಬ ಕಾರಣಕ್ಕೆ 1903ರ ವಲಸೆ ಕಾಯಿದೆ ವಿದೇಶೀ ಅರಾಜಕತಾವಾದಿಗಳಿಗೆ ಬಾಗಿಲು ಮುಚ್ಚಿತು. 1919ರ ಡಿಸೆಂಬರ್‌ನಲ್ಲಿ ಅರಾಜಕತಾವಾದಿಗಳಾದ ಎಮ್ಮಾ ಗೋಲ್ಡ್‌ಮನ್ ಮತ್ತು ಅಲೆಕ್ಸಾಂಡರ್ ಬರ್ಕ್‌ಮನ್ ಸೇರಿದಂತೆ 249 ಮಂದಿಯನ್ನು ಬುಫೋರ್ಡ್ ಎಂಬ ಹಡಗಿನಲ್ಲಿ ರಷ್ಯಾದತ್ತ ಗಡೀಪಾರು ಮಾಡಿದ್ದು ಈ ಸರಣಿಯ ಪ್ರಸಿದ್ಧ ಪ್ರಸಂಗ. ಅದೇ ವರ್ಷ ಬ್ರಿಟನ್ನಿನಲ್ಲಿ ತಿದ್ದುಪಡಿಗೊಂಡ ಕಾಯಿದೆ, ಒಂದು ಉದ್ಯಮದಲ್ಲಿ ಕಡೇಪಕ್ಷ ಎರಡು ವರ್ಷ ದುಡಿಯದ ವಿದೇಶೀಯನು ಅಲ್ಲಿ ಕಾರ್ಮಿಕ ಅಶಾಂತಿಯನ್ನು ಹುಟ್ಟಿಸಲು ಯತ್ನಿಸಿದರೆ ಮೂರು ತಿಂಗಳವರೆಗಿನ ಸೆರೆವಾಸ ವಿಧಿಸಬಹುದೆಂದಿತು. ವಲಸೆ ನಿಯಮವೊಂದರಲ್ಲಿ ಮುಷ್ಕರದ ಭಯ ಇಷ್ಟು ಬಹಿರಂಗವಾಗಿ ಬರೆಯಲ್ಪಟ್ಟಿರುವುದು ಅಪರೂಪ.

ಭಾರತೀಯರ ಮಟ್ಟಿಗೆ ಈ ಕೂಡುವಿಕೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕದಲ್ಲಿ ನೆಲೆಸಿದ ಭಾರತೀಯರು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಕಟ್ಟಿದ ಗದರ್ ಚಳವಳಿಯ ಲಾಲಾ ಹರದಯಾಳರನ್ನು 1914ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಂಧಿಸಿದವರು ವಲಸೆ ಅಧಿಕಾರಿಗಳು; ಅರಾಜಕತಾವಾದಿಯೆಂದು ಗಡೀಪಾರು ಮಾಡುವುದು ಉದ್ದೇಶ. ಜಾಮೀನಿನ ಮೇಲೆ ಹೊರಬಂದ ಅವರು ಸ್ವಿಟ್ಜರ್ಲೆಂಡಿಗೆ ತೆರಳಿದರು. ಅದೇ ವರ್ಷದ ಮೇ 23ರಂದು 376 ಭಾರತೀಯ ಪ್ರಯಾಣಿಕರೊಂದಿಗೆ ವ್ಯಾಂಕೂವರ್ ತಲುಪಿದ ಕೊಮಗಾಟ ಮಾರು ಹಡಗನ್ನು ಕೆನಡಾ ತಡೆದದ್ದು, ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ಬಂದವರಿಗೆ ಮಾತ್ರ ಪ್ರವೇಶವೆಂಬ ನಿಯಮದ ಬಲದಿಂದ. ಭಾರತದಿಂದ ಹಾಗೆ ಬರಲು ಸಾಧ್ಯವೇ ಇಲ್ಲದಂತೆ ನೋಡಿಕೊಳ್ಳಲಾಗಿತ್ತು. ವ್ಯಾಂಕೂವರ್ ದಡದಲ್ಲಿ ಆ ಪ್ರಯಾಣಿಕರ ಪರವಾಗಿ ಓಡಾಡಿದವರ ಮುಂಚೂಣಿಯಲ್ಲಿದ್ದ ಹುಸೇನ್ ರಹೀಂ ಕೆನಡಾದ ಸಮಾಜವಾದಿ ಪಕ್ಷದವರು. ಎದುರು ಬದಿಯಲ್ಲಿದ್ದ ವಲಸೆ ಅಧಿಕಾರಿ ಹಾಪ್‌ಕಿನ್ಸನ್ ಹಿಂದೆ ಕಲ್ಕತ್ತಾ ಪೊಲೀಸಿನಲ್ಲಿದ್ದು, ಕೆನಡಾದ ಸಂಬಳ ಪಡೆಯುತ್ತಲೇ ಲಂಡನ್ನಿನ ಇಂಡಿಯಾ ಆಫೀಸಿಗೂ ವರದಿ ಕಳುಹಿಸುತ್ತಿದ್ದವನು. ಗಡಿ ಕಾಯುವ ಕೆಲಸವೂ ಬೇಹುಗಾರಿಕೆಯೂ ಒಬ್ಬನೇ ಮನುಷ್ಯನಲ್ಲಿ ಸೇರಿದ್ದವು. ಆದ್ದರಿಂದ ಕೊಮಗಾಟ ಮಾರುವಿನ ಬಗ್ಗೆ ಬರೆಯುವವರು ಕೆನಡಾದ ವಲಸೆ ದಾಖಲೆಗಳನ್ನು ಮಾತ್ರ ನೋಡಿದರೆ ಅರ್ಧ ನೋಡಿದಂತೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿರುವ ಗೃಹ ಇಲಾಖೆಯ ರಾಜಕೀಯ ಕಡತಗಳನ್ನೂ ನೋಡಬೇಕು. ಅವುಗಳಲ್ಲಿ ಹಲವು ಅಭಿಲೇಖ್ ಪಟಲ್ ಜಾಲತಾಣದಲ್ಲಿ ದೊರೆಯುತ್ತವೆ.

ಇಂಥ ಕಡತಗಳನ್ನು ಬಳಸುವಾಗ ಎಚ್ಚರ ಬೇಕು. ಬೇಹುಗಾರನ ವರದಿ ಅವನ ಹೊಟ್ಟೆಪಾಡು. ಅಪಾಯವಿಲ್ಲವೆಂದು ಬರೆದರೆ ಅವನ ಕೆಲಸವೇ ಉಳಿಯುವುದಿಲ್ಲ. ಹೀಗಾಗಿ ಸಂಖ್ಯೆಗಳು, ಪಿತೂರಿಗಳು, ವಿದೇಶೀ ಹಣದ ಮಾತುಗಳು ಉಬ್ಬಿರುವುದೇ ಹೆಚ್ಚು. ಸಭೆ ನಡೆದ ದಿನಾಂಕ, ಸ್ಥಳ, ವಶಪಡಿಸಿಕೊಂಡ ಕರಪತ್ರದ ನಕಲು, ತಡೆಹಿಡಿದು ತೆರೆದ ಕಾಗದ, ಇವುಗಳ ಮಟ್ಟಿಗೆ ಅವು ಅಮೂಲ್ಯ. ವ್ಯಕ್ತಿಯ ಉದ್ದೇಶದ ಬಗ್ಗೆ ಅಧಿಕಾರಿ ಅಂಚಿನಲ್ಲಿ ಗೀಚಿದ ಟಿಪ್ಪಣಿ ಆ ವ್ಯಕ್ತಿಗಿಂತ ಅಧಿಕಾರಿಯ ಬಗ್ಗೆಯೇ ಹೆಚ್ಚು ಹೇಳುತ್ತದೆ, ಮತ್ತು ಈ ವಿಷಯದಲ್ಲಿ ನಮಗೆ ಬೇಕಾದದ್ದೂ ಅದೇ. ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆಯ ವೈಯಕ್ತಿಕ ಕಡತಗಳು ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಕೆವಿ 2 ಎಂಬ ಶ್ರೇಣಿಯಲ್ಲಿವೆ. ಭಾರತೀಯರ ಮೇಲಿನ ಕಣ್ಗಾವಲಿನ ಕಡತಗಳು ಬ್ರಿಟಿಷ್ ಗ್ರಂಥಾಲಯದ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಬ್ಯಾಟರ್ಸಿ ಉತ್ತರ ಕ್ಷೇತ್ರದಿಂದ ಆಯ್ಕೆಯಾಗಿದ್ದ ಕಮ್ಯುನಿಸ್ಟ್ ಸಂಸದ ಶಾಪುರ್ಜಿ ಸಕ್ಲಾತ್‌ವಾಲಾ ಅವರ ಬಗ್ಗೆ ಅಭ್ಯಾಸ ಮಾಡುವವರಿಗೆ ಇವೆರಡೂ ಅನಿವಾರ್ಯ. 1925ರಲ್ಲಿ ಅಮೆರಿಕ ಅವರ ವೀಸಾವನ್ನು ರದ್ದುಪಡಿಸಿತು. 1927ರ ಪ್ರವಾಸದ ನಂತರ ಹುಟ್ಟಿದ ನಾಡಿಗೇ ಮರಳದಂತೆ ಅವರನ್ನು ತಡೆಯಲಾಯಿತು.

ಠರಾವು ಒಂದು ಕಡೆ, ಕಾರ್ಖಾನೆಯ ಗೇಟು ಇನ್ನೊಂದು ಕಡೆ

ಎಡಪಂಥೀಯ ಸಂಘಟನೆಗಳ ದಾಖಲೆಗಳನ್ನು ಓದುವುದು ಇದಕ್ಕಿಂತ ಕಷ್ಟದ ಕೆಲಸ. ಇಲ್ಲಿ ನಮ್ಮ ಒಲವುಗಳೂ ಅಡ್ಡ ಬರುತ್ತವೆ. ನಾನು ಅನುಸರಿಸುವ ಕ್ರಮವೆಂದರೆ ಪ್ರತಿಯೊಂದು ಠರಾವಿನ ಪಕ್ಕದಲ್ಲಿ ಅದೇ ತಿಂಗಳು ಕೆಲಸದ ಜಾಗದಲ್ಲಿ ನಡೆದ ಒಂದು ಘಟನೆಯನ್ನು ಇಡುವುದು. 1907ರ ಆಗಸ್ಟ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಸೇರಿದ ಎರಡನೆಯ ಇಂಟರ್‌ನ್ಯಾಷನಲ್ಲಿನ, ಅಂದರೆ ಹಲವು ದೇಶಗಳ ಸಮಾಜವಾದಿ ಪಕ್ಷಗಳ ಒಕ್ಕೂಟದ, ಸಮ್ಮೇಳನ, ಜನಾಂಗ ಅಥವಾ ರಾಷ್ಟ್ರೀಯತೆಯ ಆಧಾರದ ಮೇಲೆ ವಲಸಿಗರನ್ನು ಹೊರಗಿಡುವುದನ್ನು ತಿರಸ್ಕರಿಸಿತು. ಮೇಡಂ ಕಾಮಾ ಭಾರತದ ಧ್ವಜವನ್ನು ಹಾರಿಸಿದ್ದೂ ಅದೇ ಸಮ್ಮೇಳನದಲ್ಲಿ, ಆದರೆ ನಮ್ಮಲ್ಲಿ ಧ್ವಜದ ನೆನಪು ಉಳಿದು ವಲಸೆಯ ಚರ್ಚೆ ಮರೆತುಹೋಗಿದೆ. ಸಮ್ಮೇಳನ ಮುಗಿದು ಎರಡು ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ 4ರಂದು, ಅಮೆರಿಕದ ಬೆಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಬಿಳಿಯ ಕಾರ್ಮಿಕರ ಗುಂಪು ಹೊಡೆದು ಊರಿನಿಂದ ಓಡಿಸಿತು. ಮೂರು ದಿನಗಳ ನಂತರ ವ್ಯಾಂಕೂವರ್‌ನಲ್ಲಿ ಚೀನೀಯರ ಮತ್ತು ಜಪಾನೀಯರ ಕೇರಿಗಳ ಮೇಲೆ ದಾಳಿ ನಡೆಯಿತು. ಸ್ಟುಟ್‌ಗಾರ್ಟ್ ನಿರ್ಣಯವೂ ನಿಜ, ಬೆಲಿಂಗ್‌ಹ್ಯಾಮ್ ಕೂಡ ನಿಜ. ಇವೆರಡರ ನಡುವಿನ ಅಂತರವನ್ನು ಅಳೆಯುವುದೇ ಚರಿತ್ರಕಾರನ ಕೆಲಸ.

ಅಮೆರಿಕದ ಸಮಾಜವಾದಿ ಪಕ್ಷದೊಳಗೆ ಆ ಅಂತರ ಬಹಿರಂಗ ಜಗಳವೇ ಆಯಿತು. ಏಷ್ಯನ್ನರನ್ನು ಹೊರಗಿಡಬೇಕೆಂದು ಪಕ್ಷದ ನಾಯಕರಲ್ಲೊಬ್ಬರಾದ ವಿಕ್ಟರ್ ಬರ್ಗರ್ ವಾದಿಸಿದರು, ಇನ್ನೊಬ್ಬ ನಾಯಕ ಯುಜೀನ್ ಡೆಬ್ಸ್ ಆ ನಿಲುವನ್ನು ಸಮಾಜವಾದಕ್ಕೆ ಹೊರತಾದದ್ದೆಂದು ಖಂಡಿಸಿದರು, 1910ರಲ್ಲಿ ಹಿಲ್‌ಕ್ವಿಟ್ ಮಂಡಿಸಿದ ರಾಜಿಸೂತ್ರ ಅಲ್ಪ ಅಂತರದಿಂದ ಗೆದ್ದಿತು. ಅದೇ ದೇಶದಲ್ಲಿ 1905ರಲ್ಲಿ ಹುಟ್ಟಿದ ಐಡಬ್ಲ್ಯುಡಬ್ಲ್ಯು (ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್) ಎಂಬ ಕಾರ್ಮಿಕ ಸಂಘಟನೆ ಬಣ್ಣ ನೋಡದೆ ಸದಸ್ಯತ್ವ ಕೊಟ್ಟಿತು. ಇನ್ನೂ ಹಿಂದೆ ಹೋದರೆ, 1870ರ ದಶಕದ ಕೊನೆಯಲ್ಲಿ “ಚೀನೀಯರು ತೊಲಗಬೇಕು” ಎಂಬ ಘೋಷಣೆಯೊಂದಿಗೆ ಬೆಳೆದ ಕ್ಯಾಲಿಫೋರ್ನಿಯದ ದುಡಿಯುವವರ ಪಕ್ಷ ಬಂಡವಾಳಿಗರ ವಿರುದ್ಧವೂ ಅಷ್ಟೇ ಬಿರುಸಾಗಿ ಮಾತಾಡುತ್ತಿತ್ತು. ಹೀಗಾಗಿ “ಎಡಪಂಥ ಏನೆಂದಿತು” ಎಂದು ಏಕವಚನದಲ್ಲಿ ಕೇಳುವುದೇ ತಪ್ಪು ಪ್ರಶ್ನೆ. ಕಾರ್ಮಿಕ ಸಂಘ, ಸಂಸದೀಯ ಪಕ್ಷ, ಕಮ್ಯುನಿಸ್ಟ್ ಪಕ್ಷ, ಅರಾಜಕತಾವಾದಿಗಳ ಗುಂಪು, ಟ್ರಾಟ್‌ಸ್ಕಿವಾದಿಗಳು, ಇವರನ್ನು ಒಂದೇ ಚೀಲಕ್ಕೆ ತುಂಬಬಾರದು.

ಬ್ರಿಟನ್ನಿನ ಕಾರ್ಮಿಕ ಸಂಘಗಳ ಮಹಾಮಂಡಲ 1890ರ ದಶಕದಲ್ಲಿ ಬಡ ವಿದೇಶೀಯರ ಪ್ರವೇಶದ ವಿರುದ್ಧ ಠರಾವುಗಳನ್ನು ಮಾಡಿದಾಗ ಯಹೂದಿ ಕಾರ್ಮಿಕರು ಸುಮ್ಮನಿರಲಿಲ್ಲ. 1895ರಲ್ಲಿ ಅವರು “ವಿದೇಶೀಯರ ದನಿ” ಎಂಬ ಅರ್ಥದ ಶೀರ್ಷಿಕೆಯ ಕರಪತ್ರವೊಂದನ್ನು ಹೊರತಂದು, ಸಂಬಳ ಕುಸಿಯುವುದಕ್ಕೆ ಕಾರಣ ತಾವಲ್ಲವೆಂದು ಉದ್ಯಮ ಉದ್ಯಮವಾಗಿ ವಾದಿಸಿದರು. ಇಂಥ ಪ್ರತ್ಯುತ್ತರಗಳನ್ನು ಹುಡುಕಿ ಓದದಿದ್ದರೆ ವಲಸಿಗರು ಇತರರ ಚರ್ಚೆಯ ವಸ್ತುವಾಗಿ ಮಾತ್ರ ಉಳಿಯುತ್ತಾರೆ. ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದ ದಾಖಲೆಯೂ ಏಕರೂಪವಲ್ಲ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ನೆಲೆಸಿದ ಪೋಲಿಷ್ ಸೈನಿಕರನ್ನು ಸೋವಿಯತ್ ವಿರೋಧಿಗಳೆಂದು ಕರೆದು ಅವರ ನೆಲೆಗೊಳ್ಳುವಿಕೆಯನ್ನು ವಿರೋಧಿಸಿದ ಪಕ್ಷವೇ 1955ರಲ್ಲಿ ವರ್ಣಭೇದದ ವಿರುದ್ಧ ಕರಪತ್ರ ಹೊರಡಿಸಿ ಕಾಮನ್‌ವೆಲ್ತ್ ವಲಸಿಗರ ಮೇಲಿನ ನಿಯಂತ್ರಣವನ್ನು ವಿರೋಧಿಸಿತು. ಬಂದರಿನ ಕಾರ್ಮಿಕರಲ್ಲಿ ಅದಕ್ಕೆ ಬಲವಾದ ನೆಲೆಯಿದ್ದೂ 1968ರ ಏಪ್ರಿಲ್‌ನಲ್ಲಿ ಲಂಡನ್ ಬಂದರಿನವರು, ಬಣ್ಣದ ವಲಸಿಗರ ವಿರುದ್ಧ ಭಾಷಣ ಮಾಡಿದ್ದ ಕನ್ಸರ್ವೇಟಿವ್ ಸಂಸದ ಈನಕ್ ಪೊವೆಲ್ ಅವರನ್ನು ಬೆಂಬಲಿಸಿ ಸಂಸತ್ತಿನತ್ತ ಹೊರಟಾಗ ಅವರನ್ನು ತಡೆಯಲು ಅದಕ್ಕೆ ಸಾಧ್ಯವಾಗಲಿಲ್ಲ. ಪಕ್ಷದ ದಾಖಲೆಗಳು ಮ್ಯಾಂಚೆಸ್ಟರ್‌ನ ಜನತಾ ಇತಿಹಾಸ ಸಂಗ್ರಹಾಲಯದಲ್ಲಿವೆ, ಕಾರ್ಮಿಕ ಸಂಘಗಳ ಮಹಾಮಂಡಲದವು ವಾರಿಕ್ ವಿಶ್ವವಿದ್ಯಾಲಯದಲ್ಲಿವೆ. ಆಸ್ಟ್ರೇಲಿಯಾದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಳನ್ನು ಆ ದೇಶದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದಲ್ಲಿ ಮನೆಯಲ್ಲಿಯೇ ಕುಳಿತು ಓದಬಹುದು. ಅಲ್ಲಿ 1945ರ ಸಂಚಿಕೆಗಳನ್ನು ತಪ್ಪದೆ ನೋಡಬೇಕು. ಇಂಡೊನೇಷ್ಯಾದ ಸ್ವಾತಂತ್ರ್ಯವನ್ನು ಬೆಂಬಲಿಸಿ ಡಚ್ ಹಡಗುಗಳನ್ನು ಬಹಿಷ್ಕರಿಸಿದವರಲ್ಲಿ ಬಿಳಿಯ ಬಂದರು ಕಾರ್ಮಿಕರ ಜೊತೆಗೆ ಭಾರತೀಯ ನಾವಿಕರೂ ಇದ್ದರು.

ಸರ್ಕಾರದ ಒಳಮಾತನ್ನು ಹಿಡಿಯುವುದು

ಬ್ರಿಟಿಷ್ ಸಂಸತ್ತಿನ ಚರ್ಚೆಗಳು ಅದರ ಅಧಿಕೃತ ವರದಿಯಾದ ಹ್ಯಾನ್ಸರ್ಡ್‌ನ ತಾಣದಲ್ಲಿ ಸುಲಭವಾಗಿ ಸಿಗುವುದರಿಂದ ಹೊಸಬರು ಅಲ್ಲಿಯೇ ನಿಂತುಬಿಡುತ್ತಾರೆ. ಅದು ಸಾಲದು. ಸಚಿವರು ಸದನದಲ್ಲಿ ಆಡಿದ ಮಾತಿಗೂ ಸಂಪುಟದಲ್ಲಿ ಬರೆದದ್ದಕ್ಕೂ ಇರುವ ವ್ಯತ್ಯಾಸವೇ ಹಲವು ಬಾರಿ ಮುಖ್ಯ ಸಾಕ್ಷ್ಯ. 1962ರ ಕಾಯಿದೆ ಉದ್ಯೋಗ ಪರವಾನಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಕಾಮನ್‌ವೆಲ್ತಿನ ಎಲ್ಲರಿಗೂ ಸಮಾನವಾಗಿ ಅನ್ವಯಿಸುವಂತೆ ಕಾಣುತ್ತದೆ. ಆದರೆ ಗೃಹ ಸಚಿವ ಬಟ್ಲರ್ 1961ರ ಅಕ್ಟೋಬರ್‌ನಲ್ಲಿ ಸಂಪುಟಕ್ಕೆ ಸಲ್ಲಿಸಿದ ಟಿಪ್ಪಣಿಯಲ್ಲಿ ಈ ಯೋಜನೆಯ ದೊಡ್ಡ ಗುಣವೇ ತಾರತಮ್ಯವಿಲ್ಲದ್ದೆಂದು ತೋರಿಸಬಹುದಾದದ್ದೆಂದೂ, ಅದರ ಪೆಟ್ಟು ಬೀಳಬೇಕಾದದ್ದೂ ಬೀಳುವುದೂ ಬಹುತೇಕ ಬಣ್ಣದವರ ಮೇಲೆಯೇ ಎಂದೂ ಒಪ್ಪಿಕೊಂಡಿದ್ದರು. ಇಂಥ ಸಂಪುಟ ಕಾಗದಗಳು ಕ್ಯೂ ದಾಖಲಾಗಾರದ ಸಿಎಬಿ 128 ಮತ್ತು 129 ಶ್ರೇಣಿಗಳಲ್ಲಿದ್ದು, ಹಲವನ್ನು ದೂರದಿಂದಲೇ ಇಳಿಸಿಕೊಳ್ಳಬಹುದು.

ಲೇಬರ್ ಪಕ್ಷದ ನಡೆಯನ್ನು ಈ ಕಾಗದಗಳ ಜೊತೆಗಿಟ್ಟು ನೋಡಿದಾಗ ಚಿತ್ರ ಬದಲಾಗುತ್ತದೆ. 1948ರ ಜೂನ್ 22ರಂದು ವೆಸ್ಟ್ ಇಂಡೀಸ್‌ನಿಂದ ವಲಸಿಗರನ್ನು ಹೊತ್ತು ತಂದ ಎಂಪೈರ್ ವಿಂಡ್‌ರಶ್ ಹಡಗಿನ ಪ್ರಯಾಣಿಕರು ಲಂಡನ್ ಬಳಿಯ ಟಿಲ್ಬರಿಯಲ್ಲಿ ಇಳಿದ ದಿನವೇ ಹನ್ನೊಂದು ಲೇಬರ್ ಸಂಸದರು ನಿಯಂತ್ರಣ ಬೇಕೆಂದು ಪ್ರಧಾನಿ ಆಟ್ಲಿಗೆ ಪತ್ರ ಬರೆದರು. 1962ರಲ್ಲಿ ಅದೇ ಪಕ್ಷ ಗೇಟ್ಸ್‌ಕೆಲ್ ನಾಯಕತ್ವದಲ್ಲಿ ಮಸೂದೆಯನ್ನು ಕಟುವಾಗಿ ವಿರೋಧಿಸಿತು. 1964ರಲ್ಲಿ ಸ್ಮೆದಿಕ್ ಕ್ಷೇತ್ರವನ್ನು ಜನಾಂಗದ್ವೇಷದ ಪ್ರಚಾರಕ್ಕೆ ಕಳೆದುಕೊಂಡ ಮೇಲೆ, ಅಧಿಕಾರದಲ್ಲಿದ್ದ ಅದೇ ಪಕ್ಷ 1965ರಲ್ಲಿ ಪರವಾನಗಿಗಳನ್ನು ವರ್ಷಕ್ಕೆ 8,500ಕ್ಕೆ ಇಳಿಸಿ, 1968ರಲ್ಲಿ ಕೀನ್ಯಾದಿಂದ ಹೊರಡುತ್ತಿದ್ದ ಬ್ರಿಟಿಷ್ ಪಾಸ್‌ಪೋರ್ಟ್‌ನ ಏಷ್ಯನ್ನರನ್ನು ತಡೆಯುವ ಕಾಯಿದೆಯನ್ನು ಮೂರೇ ದಿನಗಳಲ್ಲಿ ಮಾಡಿ ಮುಗಿಸಿತು. ತಂದೆತಾಯಿ ಅಥವಾ ಅಜ್ಜಅಜ್ಜಿ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಸರಿ ಎಂಬ ವಿನಾಯಿತಿಯೇ ಆ ಕಾಯಿದೆಯ ಗುಟ್ಟು. ವಿನಾಯಿತಿಯನ್ನು ಮೊದಲು ಓದಬೇಕೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಈ ಪ್ರಕರಣದಲ್ಲಿ ಜನಾಂಗೀಯ ತಾರತಮ್ಯ ನಡೆದಿದೆಯೆಂದು ಯುರೋಪಿನ ಮಾನವ ಹಕ್ಕುಗಳ ಆಯೋಗವೂ 1973ರಲ್ಲಿ ಹೇಳಿತು.

ವಲಸಿಗರ ಸಂಘಟನೆಗಳ ಕಾಗದಗಳು

ಈ ಭಾಗಕ್ಕೆ ಹೆಚ್ಚು ಸಮಯವನ್ನು ಕೊಡಬೇಕು, ಏಕೆಂದರೆ ಇಲ್ಲಿನ ದಾಖಲೆಗಳು ಚದುರಿಹೋಗಿವೆ. ಟ್ರಿನಿಡಾಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ, ಅಲ್ಲಿ ಕಮ್ಯುನಿಸ್ಟ್ ನಾಯಕಿಯಾಗಿ ಸೆರೆವಾಸ ಅನುಭವಿಸಿ 1955ರ ಡಿಸೆಂಬರ್‌ನಲ್ಲಿ ಬ್ರಿಟನ್ನಿಗೆ ಗಡೀಪಾರಾದ ಕ್ಲಾಡಿಯಾ ಜೋನ್ಸ್ ಅವರ ಬದುಕು ಎರಡು ದೇಶಗಳ ವಲಸೆ ಕಾನೂನುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಲಂಡನ್ನಿನಲ್ಲಿ ಅವರು 1958ರಲ್ಲಿ ಆರಂಭಿಸಿದ ವೆಸ್ಟ್ ಇಂಡಿಯನ್ ಗೆಜೆಟ್ ಪತ್ರಿಕೆ 1962ರ ಕಾಯಿದೆಯ ವಿರುದ್ಧ ನಡೆದ ಚಳವಳಿಯ ಕೇಂದ್ರಗಳಲ್ಲೊಂದು. ಒಂದು ದೇಶ ತನ್ನ ವಲಸೆ ಕಾನೂನಿನಿಂದ ಹೊರದಬ್ಬಿದ ಮಹಿಳೆ ಇನ್ನೊಂದು ದೇಶದ ವಲಸೆ ಕಾನೂನಿನ ವಿರುದ್ಧ ಜನರನ್ನು ಕೂಡಿಸಿದರು. ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷ ಅವರನ್ನು ಎಷ್ಟರಮಟ್ಟಿಗೆ ಬಳಸಿಕೊಂಡಿತು, ಎಷ್ಟರಮಟ್ಟಿಗೆ ದೂರವಿಟ್ಟಿತು ಎಂಬುದೂ ಅಭ್ಯಾಸಕ್ಕೆ ಯೋಗ್ಯವಾದ ಪ್ರಶ್ನೆ.

ಭಾರತೀಯ ಕಾರ್ಮಿಕರ ಸಂಘ 1938ರಲ್ಲಿ ಕವೆಂಟ್ರಿಯಲ್ಲಿ ಹುಟ್ಟಿ 1958ರಲ್ಲಿ ರಾಷ್ಟ್ರಮಟ್ಟದ ಸಂಘಟನೆಯಾಯಿತು. ಜಗಮೋಹನ ಜೋಶಿ, ಅವತಾರ್ ಸಿಂಗ್ ಜೌಹಲ್ ಮೊದಲಾದವರ ಮುಂದಾಳತ್ವದಲ್ಲಿ ಅದು ಫೌಂಡ್ರಿಗಳಲ್ಲಿ ಸಂಘಟನೆ ಕಟ್ಟಿತು, ಹೋಟೆಲುಗಳ ವರ್ಣಭೇದವನ್ನು ಪ್ರತಿಭಟಿಸಿತು, ವಲಸೆ ಕಾಯಿದೆಗಳನ್ನು ವಿರೋಧಿಸಿತು. 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದದ್ದು ಈ ಸಂಘದ ಕರೆಯ ಮೇರೆಗೆ. ಭಾರತದಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆದದ್ದು, ಆಮೇಲೆ ನಕ್ಸಲ್‌ಬಾರಿ ನಡೆದದ್ದು, ಎರಡೂ ಬರ್ಮಿಂಗ್‌ಹ್ಯಾಮ್ ಮತ್ತು ಸೌತಾಲ್‌ನ ಸಂಘವನ್ನೂ ಒಡೆದವು. ಇದನ್ನು ಅರಿಯದ ಇಂಗ್ಲಿಷ್ ಲೇಖಕರು ಆ ಒಡಕನ್ನು ನಾಯಕರ ವೈಯಕ್ತಿಕ ಜಗಳವೆಂದು ಬರೆದುಬಿಡುತ್ತಾರೆ. ಭಾರತದ ಎಡಪಕ್ಷಗಳ ಚರಿತ್ರೆಯನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಬಿಟ್ಟುಕೊಡಬಾರದು. ಪಂಜಾಬಿ, ಉರ್ದು ಬಲ್ಲವರ ನೆರವನ್ನು ಪಡೆದರೆ ಇಂಗ್ಲಿಷ್ ಕರಪತ್ರದ ಬೆನ್ನಿನಲ್ಲೇ ಅಚ್ಚಾದ ಬೇರೊಂದು ಧಾಟಿಯ ಕರಪತ್ರವೂ ಅರ್ಥವಾಗುತ್ತದೆ. ಸಂಘದ ಕಾಗದಗಳ ಒಂದು ಭಾಗ ಬರ್ಮಿಂಗ್‌ಹ್ಯಾಮ್ ನಗರದ ಗ್ರಂಥಾಲಯದಲ್ಲಿದೆ.

ನಿಯಂತ್ರಣ ಎಂಬುದು ಮಹಿಳೆಯರ ದೇಹದವರೆಗೂ ಹೋದದ್ದನ್ನು ಬೆಳಕಿಗೆ ತಂದದ್ದರಲ್ಲಿಯೂ ಇಂಥ ಸಂಘಟನೆಗಳ ಪಾತ್ರವಿದೆ. ಮದುವೆಯಾಗಲು ಬಂದ ಭಾರತೀಯ ಶಿಕ್ಷಕಿಯೊಬ್ಬರಿಗೆ 1979ರ ಜನವರಿಯಲ್ಲಿ ಹೀಥ್ರೂ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆ ಮಾಡಲಾಯಿತೆಂದು ಫೆಬ್ರವರಿ 1ರಂದು ಗಾರ್ಡಿಯನ್ ಪತ್ರಿಕೆ ಪ್ರಕಟಿಸಿತು. ನಿಶ್ಚಿತಾರ್ಥವಾದವಳಿಗೆ ಮುಂಗಡ ಪ್ರವೇಶಪತ್ರ ಬೇಕಿರಲಿಲ್ಲ, ಹೆಂಡತಿಗೆ ಬೇಕಿತ್ತು. ಅವಳು ಯಾರೆಂದು ತಿಳಿಯುವ ನೆಪದಲ್ಲಿ ಈ ಕ್ರೌರ್ಯ ನಡೆಯಿತು. ಏಷ್ಯನ್ ಮತ್ತು ಕಪ್ಪು ಮಹಿಳೆಯರ ಸಂಘಟನೆಗಳು ನಿಲ್ದಾಣದಲ್ಲಿಯೇ ಪ್ರತಿಭಟಿಸಿದವು. ಇದು ಎಲ್ಲೋ ನಡೆದ ಒಂದು ಪ್ರಸಂಗವೆಂಬಂತೆ ಸರ್ಕಾರ ಆಗ ಮಾತಾಡಿತು. ಆದರೆ ಭಾರತ ಮತ್ತು ಪಾಕಿಸ್ತಾನಗಳ ಕನಿಷ್ಠ 80 ಮಹಿಳೆಯರು ಈ ಪರೀಕ್ಷೆಗೆ ಒಳಗಾಗಿದ್ದರೆಂದು ಗೃಹ ಕಚೇರಿಯ ಕಡತಗಳ ಆಧಾರದ ಮೇಲೆ 2011ರಲ್ಲಿ ತಿಳಿದುಬಂತು. ಆಗಿನ ಪ್ರತಿಭಟನಕಾರರ ಕರಪತ್ರಗಳು ಸರ್ಕಾರದ ಹೇಳಿಕೆಗಿಂತ ಸತ್ಯಕ್ಕೆ ಹತ್ತಿರವಿದ್ದವು ಎಂಬುದನ್ನು ದಾಖಲೆಗಳ ತೂಕವನ್ನು ನಿರ್ಧರಿಸುವಾಗ ನೆನಪಿಡಬೇಕು. ಇಂಥ ಪ್ರಕರಣಗಳಲ್ಲಿ ಬಾಧಿತರ ಹೆಸರು ಕಡತದಲ್ಲಿ ಕಣ್ಣಿಗೆ ಬಿದ್ದರೂ ಅದನ್ನು ಬಳಸಬಾರದು.

ಇಲ್ಲದ ದಾಖಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು

ಕೆಲವು ಕಾಗದಗಳು ಇರುವುದೇ ಇಲ್ಲ, ಮತ್ತು ಅವು ಏಕಿಲ್ಲ ಎಂಬುದನ್ನೂ ಬರೆಯಬೇಕಾಗುತ್ತದೆ. ವಿಂಡ್‌ರಶ್ ಕಾಲದವರ, ಅಂದರೆ ಯುದ್ಧಾನಂತರ ಕೆರಿಬಿಯನ್ ಮುಂತಾದೆಡೆಗಳಿಂದ ಬಂದವರ, ಆಗಮನದ ಚೀಟಿಗಳನ್ನು ಬ್ರಿಟನ್ನಿನ ಗೃಹ ಕಚೇರಿ 2010ರಲ್ಲಿ ನಾಶಪಡಿಸಿತೆಂಬುದು 2018ರಲ್ಲಿ ಬಯಲಾಯಿತು. ಅಷ್ಟರಲ್ಲಿ ಹಲವರು ಕಾನೂನುಬದ್ಧವಾಗಿ ಬಂದದ್ದನ್ನು ರುಜುವಾತುಪಡಿಸಲಾಗದೆ ಕೆಲಸ, ಮನೆ, ಚಿಕಿತ್ಸೆಗಳನ್ನು ಕಳೆದುಕೊಂಡಿದ್ದರು. 1925ರಲ್ಲಿ ಬ್ರಿಟನ್ ಹೊರಡಿಸಿದ ಬಣ್ಣದ ನಾವಿಕರ ಆದೇಶ ಇದೇ ತಂತ್ರದ ಹಳೆಯ ರೂಪ. ಬ್ರಿಟಿಷ್ ಪ್ರಜೆಯೆಂಬುದಕ್ಕೆ ಕಾಗದ ತೋರಿಸಲಾಗದ ನಾವಿಕರು ಪೊಲೀಸರಲ್ಲಿ ವಿದೇಶೀಯರೆಂದು ನೋಂದಾಯಿಸಿಕೊಳ್ಳಬೇಕಿತ್ತು. ಭಾರತದಿಂದ, ಏಡನ್‌ನಿಂದ ಬಂದ ನಾವಿಕರಲ್ಲಿ ಅನೇಕರ ಬಳಿ ಅಂಥ ಕಾಗದವೇ ಇರುತ್ತಿರಲಿಲ್ಲ. ನಾವಿಕರ ಅಧಿಕೃತ ಸಂಘವೂ ಇದಕ್ಕೆ ಒತ್ತಾಸೆಯಾಗಿ ನಿಂತಿತ್ತು. ಕಾರ್ಡಿಫ್‌ನಲ್ಲಿ ಇದನ್ನು ಎದುರಿಸಿದವರ ನಡುವೆ ಕಮ್ಯುನಿಸ್ಟರು ಕೆಲಸ ಮಾಡಿದ್ದರು. ಆದ್ದರಿಂದ ಸಂಘದ ನಡಾವಳಿ ಪುಸ್ತಕ, ಪೊಲೀಸ್ ನೋಂದಣಿ, ಕಾರ್ಡಿಫ್‌ನ ಕರಪತ್ರ, ಇವು ಮೂರನ್ನೂ ಒಟ್ಟಿಗೆ ಹುಡುಕಬೇಕಾಗುತ್ತದೆ.

ಬರೆಯಲು ಕುಳಿತಾಗ

ಕಾಲಾನುಕ್ರಮದ ಒಂದು ಪಟ್ಟಿಯನ್ನು ಮೂರು ಅಂಕಣಗಳಲ್ಲಿ ಮಾಡಿಕೊಂಡರೆ ಕೆಲಸ ಹಗುರವಾಗುತ್ತದೆ: ಕಾಯಿದೆ ಮತ್ತು ಆದೇಶ ಒಂದರಲ್ಲಿ, ಪಕ್ಷ ಮತ್ತು ಸಂಘಗಳ ನಿಲುವು ಇನ್ನೊಂದರಲ್ಲಿ, ವಲಸಿಗರ ಸಂಘಟನೆಗಳ ನಡೆ ಮೂರನೆಯದರಲ್ಲಿ. ಯಾವ ಅಂಕಣ ಯಾವ ವರ್ಷ ಖಾಲಿಯಿದೆಯೋ ಅಲ್ಲಿ ಮುಂದಿನ ಹುಡುಕಾಟ ಆರಂಭವಾಗಬೇಕು. ಆ ಕಾಲದ ಅಧಿಕೃತ ಶಬ್ದಗಳನ್ನು ಉದ್ಧರಣ ಚಿಹ್ನೆಯೊಳಗೆ ಮಾತ್ರ ಬಳಸುವುದು, ತಾವೇ ಆ ಶಬ್ದಗಳಲ್ಲಿ ಮಾತಾಡತೊಡಗದಿರುವುದು ಒಳ್ಳೆಯದು. ಇಂಗ್ಲಿಷ್ ಮತ್ತು ಐರಿಷ್ ಕಾರ್ಮಿಕರ ನಡುವಿನ ಹಗೆತನವೇ ಇಂಗ್ಲಿಷ್ ಕಾರ್ಮಿಕ ವರ್ಗದ ನಿಶ್ಶಕ್ತಿಗೆ ಕಾರಣವೆಂದು ಮಾರ್ಕ್ಸ್ 1870ರ ಏಪ್ರಿಲ್‌ನಲ್ಲಿ ಬರೆದ ಪತ್ರವನ್ನು ಈ ವಿಷಯದ ಬಹುತೇಕ ಲೇಖನಗಳು ಆರಂಭದಲ್ಲಿಯೇ ಉಲ್ಲೇಖಿಸುತ್ತವೆ. ಉಲ್ಲೇಖಿಸುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಎಲ್ಲ ದೇಶ, ಎಲ್ಲ ಕಾಲಗಳ ವಿವರಣೆಯಾಗಿ ಬಳಸಿದರೆ ಕಡತ ಓದುವ ಅಗತ್ಯವೇ ಇಲ್ಲದಂತಾಗುತ್ತದೆ. ಆ ಪತ್ರವನ್ನು ಅಭ್ಯಾಸದ ನಡುವೆ, ಅದು ನಿಜವಾಗಿ ಅನ್ವಯಿಸುವ ಬಂದರು ಅಥವಾ ಕಾರ್ಖಾನೆಯ ವಿವರಗಳು ಕೈಗೆ ಬಂದ ಮೇಲೆ ಇಡುವುದು ಸೂಕ್ತ.